ಮನೆಯಂಗಳದ ಕಣಗಿಲೆ: ಚೆಲುವಿನ ಜೊತೆ ಇರಲಿ ಎಚ್ಚರ

ಬೇಸಿಗೆಯ ಉರಿಬಿಸಿಲಿಗೆ ಮನೆಯ ಮುಂದಿನ ಗಿಡಗಳೆಲ್ಲ ಸೊರಗಿ ನಿಂತಾಗಲೂ ಕೊಂಬೆ ಕೊಂಬೆಯ ತುದಿಯಲ್ಲಿ ಗೊಂಚಲು ಗೊಂಚಲಾಗಿ ಅರಳುವ ಗಿಡ ಕಣಗಿಲೆ. ವಾರಗಟ್ಟಲೆ ನೀರು ಕಾಣದಿದ್ದರೂ ಅದು ಬಾಡುವುದಿಲ್ಲ. ವಾಹನಗಳ ಹೊಗೆ, ರಸ್ತೆಯ ದೂಳು, ಕಲ್ಲುಮಣ್ಣು, ಸುಣ್ಣದ ಅಂಶ ಹೆಚ್ಚಿರುವ ನೆಲ ಯಾವುದೂ ಅದರ ಬೆಳವಣಿಗೆಗೆ ಅಡ್ಡಿಯಾಗದು. ಹೆದ್ದಾರಿಗಳ ನಡುವಿನ ವಿಭಜಕಗಳಲ್ಲಿ ಸಾಲುಸಾಲಾಗಿ ಈ ಗಿಡವನ್ನೇ ನೆಡುವುದಕ್ಕೆ ಇದೇ ಕಾರಣ. ಎದುರಿನಿಂದ ಬರುವ ವಾಹನಗಳ ದೀಪದ ಬೆಳಕನ್ನು ಅದರ ದಟ್ಟ ಎಲೆಗಳು ತಡೆಯುತ್ತವೆ. ದನಕರುಗಳು ಸಾಮಾನ್ಯವಾಗಿ ಅದಕ್ಕೆ ಬಾಯಿ ಹಾಕುವುದಿಲ್ಲ.

ದನಗಳು ಬಾಯಿ ಹಾಕದಿರಲು ಕಾರಣವಿದೆ. ಬೇರಿನಿಂದ ಹೂವಿನವರೆಗೆ ಈ ಗಿಡದ ಎಲ್ಲ ಭಾಗವೂ ವಿಷ. ಒಣಗಿದ ಎಲೆಯಲ್ಲೂ ಆ ವಿಷ ಉಳಿದಿರುತ್ತದೆ. ನೀರಿನ ಕೊರತೆ ಇರುವ ನಗರಗಳಲ್ಲಿ ಇಷ್ಟು ಕಡಿಮೆ ಆರೈಕೆಯಲ್ಲಿ ಇಷ್ಟು ಹೂವು ಕೊಡುವ ಪೊದೆ ಗಿಡ ಸಿಗುವುದು ಕಷ್ಟ. ಆದರೆ ಎಲ್ಲಿ ನೆಡಬೇಕು, ಸವರಿದ ಕೊಂಬೆಗಳನ್ನು ಏನು ಮಾಡಬೇಕು ಎಂಬುದನ್ನು ಅರಿಯದೆ ಕಣಗಿಲೆಯನ್ನು ಮನೆಯಂಗಳಕ್ಕೆ ತರುವುದು ತರವಲ್ಲ.

ಗಿಡದ ಪರಿಚಯ

ಕಣಗಿಲೆಯ ಸಸ್ಯಶಾಸ್ತ್ರೀಯ ಹೆಸರು ನೀರಿಯಂ ಓಲಿಯಾಂಡರ್. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಕಾರ್ಲ್ ಲಿನೇಯಸ್ 1753ರಲ್ಲಿ ಈ ಹೆಸರನ್ನು ನೀಡಿದರು. ಇದು ಅಪೋಸೈನೇಸಿ ಕುಟುಂಬಕ್ಕೆ ಸೇರಿದೆ. ನಂದಿಬಟ್ಟಲು, ದೇವಕಣಗಿಲೆ, ನಿತ್ಯಪುಷ್ಪ, ಎಕ್ಕ ಇವೆಲ್ಲ ಇದೇ ಕುಟುಂಬದ ಗಿಡಗಳು. ನೀರಿಯಂ ಕುಲದಲ್ಲಿರುವುದು ಇದೊಂದೇ ಪ್ರಭೇದ. ಭಾರತದ ಸುವಾಸನೆಯ ಕಣಗಿಲೆಯನ್ನು ಹಿಂದೆ ನೀರಿಯಂ ಇಂಡಿಕಂ ಎಂದು ಬೇರೆ ಪ್ರಭೇದವಾಗಿ ಗುರುತಿಸಲಾಗುತ್ತಿತ್ತು. ಈಗ ಅದನ್ನೂ ಇದೇ ಪ್ರಭೇದದಲ್ಲಿ ಸೇರಿಸಲಾಗಿದೆ.

ಮೆಡಿಟರೇನಿಯನ್ ಸಮುದ್ರದ ತೀರದಿಂದ ಇರಾನ್, ಭಾರತ ಉಪಖಂಡದ ಮೂಲಕ ಚೀನಾದವರೆಗೆ ಇದರ ನೆಲೆ ಹಬ್ಬಿದೆ. ಅಲ್ಲಿ ಇದು ಹೆಚ್ಚಾಗಿ ಹೊಳೆ, ಹಳ್ಳಗಳ ಪಾತ್ರದಲ್ಲಿ ತಾನಾಗಿ ಬೆಳೆಯುತ್ತದೆ. ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಒಣ ಮರಳು ಎರಡನ್ನೂ ಕಂಡ ಗಿಡವಾದ್ದರಿಂದ ಅತಿವೃಷ್ಟಿ, ಅನಾವೃಷ್ಟಿ ಎರಡನ್ನೂ ತಡೆದುಕೊಳ್ಳುವ ಗುಣ ಇದಕ್ಕೆ ಬಂದಿದೆ.

ಬುಡದಿಂದಲೇ ಹಲವು ಕಾಂಡಗಳು ಹೊರಟು ಪೊದೆಯಾಗಿ ಬೆಳೆಯುವ ಕಣಗಿಲೆ ಸಾಮಾನ್ಯವಾಗಿ 2ರಿಂದ 4 ಮೀಟರ್ ಎತ್ತರಕ್ಕೆ ಏರುತ್ತದೆ. ಎಲೆಗಳು ಉದ್ದವಾಗಿ, ಭರ್ಜಿಯ ಮೊನೆಯಂತೆ ಚೂಪಾಗಿ, ತೊಗಲಿನಂತೆ ದಪ್ಪಗಿರುತ್ತವೆ. ಹೆಚ್ಚಾಗಿ ಒಂದೊಂದು ಗೆಣ್ಣಿನಲ್ಲಿ ಮೂರು ಎಲೆಗಳು ಸುತ್ತುವರಿದಿರುತ್ತವೆ. ಎಲೆಯ ಅಡಿಭಾಗದಲ್ಲಿ ಸಣ್ಣ ಸಣ್ಣ ಗುಳಿಗಳಿದ್ದು, ಉಸಿರಾಡುವ ಪತ್ರರಂಧ್ರಗಳು ಆ ಗುಳಿಗಳೊಳಗೆ ನವಿರಾದ ರೋಮಗಳ ನಡುವೆ ಅಡಗಿರುತ್ತವೆ. ಬಿಸಿಗಾಳಿ ನೇರವಾಗಿ ತಾಗದ ಕಾರಣ ನೀರು ಆವಿಯಾಗುವ ಪ್ರಮಾಣ ತಗ್ಗುತ್ತದೆ. ಸಸ್ಯಶಾಸ್ತ್ರದ ಪಾಠಗಳಲ್ಲಿ ಒಣಹವೆಯ ಗಿಡಗಳ ಎಲೆರಚನೆಗೆ ಕಣಗಿಲೆಯನ್ನೇ ಉದಾಹರಣೆಯಾಗಿ ಕೊಡುವುದು ಇದೇ ಕಾರಣಕ್ಕೆ.

ಹೂವಿಗೆ ಐದು ಎಸಳು. ಕೊಳವೆಯ ಬಾಯಲ್ಲಿ ಅಂಚು ಸೀಳಿದಂತಿರುವ ಪುಟ್ಟ ಕುಚ್ಚು. ಬಿಳಿ, ತಿಳಿಗುಲಾಬಿ, ಕಡುಗುಲಾಬಿ, ಕೆಂಪು ಬಣ್ಣಗಳು ನಮ್ಮಲ್ಲಿ ಸಾಮಾನ್ಯ. ಎಸಳುಗಳು ಹಲವು ಸುತ್ತಾಗಿರುವ ಮುದ್ದೆ ಹೂವಿನ ಬಗೆಯೂ ಉಂಟು. ನೋಡಲು ಇಷ್ಟು ಆಕರ್ಷಕವಾದರೂ ಈ ಹೂವಿನಲ್ಲಿ ಮಕರಂದವಿಲ್ಲ. ಬಣ್ಣ, ಪರಿಮಳಗಳಿಗೆ ಮರುಳಾಗಿ ಬರುವ ಕೀಟಗಳಿಂದಲೇ ಪರಾಗಸ್ಪರ್ಶ ನಡೆಯುತ್ತದೆ.

ಹೆಸರಿನ ಗೊಂದಲ

ಕನ್ನಡದಲ್ಲಿ ಕಣಗಿಲೆ, ಕಣಗಿಲು, ಕಣಗಲು ಎಂದೆಲ್ಲ ಕರೆಯುವ ಈ ಗಿಡಕ್ಕೆ ಸಂಸ್ಕೃತದಲ್ಲಿ ಕರವೀರ ಎಂದು ಹೆಸರು. ಹಯಮಾರಕ ಎಂಬ ಇನ್ನೊಂದು ಹೆಸರೂ ಅಮರಕೋಶದಲ್ಲಿದೆ. ಹಯ ಎಂದರೆ ಕುದುರೆ. ಕುದುರೆಯನ್ನು ಕೊಲ್ಲುವಂಥದು ಎಂಬುದು ಆ ಹೆಸರಿನ ಅರ್ಥ. ಗಿಡದ ವಿಷಗುಣ ಹಿಂದಿನವರಿಗೆ ಚೆನ್ನಾಗಿ ತಿಳಿದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆಯುರ್ವೇದವೂ ಕರವೀರವನ್ನು ಎಕ್ಕ, ಗುಲಗಂಜಿ, ದತ್ತೂರಗಳ ಜೊತೆ ಉಪವಿಷಗಳ ಗುಂಪಿನಲ್ಲಿ ಸೇರಿಸಿದೆ.

ತಮಿಳು, ಮಲಯಾಳಂಗಳಲ್ಲಿ ಕಣಗಿಲೆಯನ್ನು ಅರಳಿ ಎನ್ನುತ್ತಾರೆ. ಕನ್ನಡಿಗರಿಗೆ ಅರಳಿ ಎಂದರೆ ಅಶ್ವತ್ಥ. ನೆರೆರಾಜ್ಯದ ಸುದ್ದಿಗಳಲ್ಲಿ ‘ಅರಳಿ ಹೂವು’ ಎಂಬ ಮಾತು ಬಂದಾಗ ಅದು ಕಣಗಿಲೆ ಎಂದು ತಿಳಿಯಬೇಕು. ತೆಲುಗಿನಲ್ಲಿ ಗನ್ನೇರು, ಹಿಂದಿಯಲ್ಲಿ ಕನೇರ್ ಎಂಬ ಹೆಸರುಗಳಿವೆ.

ಇನ್ನೆರಡು ಗಿಡಗಳಿಗೂ ಕನ್ನಡದಲ್ಲಿ ಕಣಗಿಲೆಯ ಹೆಸರು ಅಂಟಿಕೊಂಡಿದೆ. ನಿತ್ಯಪುಷ್ಪವನ್ನು ಕೆಲವೆಡೆ ಕಾಶಿ ಕಣಗಿಲೆ ಎನ್ನುತ್ತಾರೆ. ಅದು ಮೊಣಕಾಲೆತ್ತರದ ಬೇರೆಯೇ ಗಿಡ. ಗಂಟೆಯಾಕಾರದ ಹಳದಿ ಹೂವು ಬಿಡುವ ಹಳದಿ ಕಣಗಿಲೆ ಮಧ್ಯ ಅಮೆರಿಕ, ಮೆಕ್ಸಿಕೊ ಭಾಗದಿಂದ ಬಂದದ್ದು. ಅದರ ವಿಷವೂ ಕಣಗಿಲೆಯ ವಿಷದ ಜಾತಿಯದೇ. ಹಸಿರು ಕಾಯಿಯೊಳಗಿನ ಗಟ್ಟಿ ಬೀಜ ವಿಶೇಷವಾಗಿ ಅಪಾಯಕಾರಿ. ಕಾಯಿ ಉರುಟಾಗಿ ಆಟದ ವಸ್ತುವಿನಂತೆ ಕಾಣುವುದರಿಂದ ಮಕ್ಕಳಿರುವ ಮನೆಯಲ್ಲಿ ಹಳದಿ ಕಣಗಿಲೆಯನ್ನು ಬೆಳೆಸದಿರುವುದೇ ಒಳಿತು.

ಎರಡು ನಗರಗಳ ಹೂವು

ಕಣಗಿಲೆಯ ಗಟ್ಟಿತನಕ್ಕೆ ಎರಡು ಹೊರದೇಶದ ನಗರಗಳು ಸಾಕ್ಷಿ. 1945ರ ಅಣುಬಾಂಬ್ ದಾಳಿಯಿಂದ ಸುಟ್ಟು ಬೂದಿಯಾದ ಜಪಾನಿನ ಹಿರೋಶಿಮಾದಲ್ಲಿ ಮೊದಲು ಅರಳಿದ ಹೂವುಗಳಲ್ಲಿ ಕಣಗಿಲೆಯೂ ಒಂದೆಂದು ಅಲ್ಲಿನ ಜನ ನೆನೆಯುತ್ತಾರೆ. 1973ರಲ್ಲಿ ಆ ನಗರ ಕಣಗಿಲೆಯನ್ನು ತನ್ನ ಅಧಿಕೃತ ಹೂವಾಗಿ ಆರಿಸಿಕೊಂಡಿತು. ಅಮೆರಿಕದ ಟೆಕ್ಸಸ್ ರಾಜ್ಯದ ಗ್ಯಾಲ್ವೆಸ್ಟನ್ ದ್ವೀಪನಗರಕ್ಕೆ ಕಣಗಿಲೆ 1841ರಲ್ಲಿ ಜಮೈಕಾದಿಂದ ಬಂತು. 1900ರ ಭೀಕರ ಚಂಡಮಾರುತದಲ್ಲಿ ಊರು ನಾಶವಾದ ಮೇಲೆ ಮರುನಿರ್ಮಾಣದ ವೇಳೆ ಅಲ್ಲಿ ಬೀದಿಬೀದಿಯಲ್ಲೂ ಕಣಗಿಲೆಯನ್ನು ನೆಡಲಾಯಿತು. ಉಪ್ಪುಗಾಳಿ, ಉಪ್ಪುಮಣ್ಣು ಎರಡನ್ನೂ ಅದು ಸಹಿಸಿತು. ಇಂದಿಗೂ ಗ್ಯಾಲ್ವೆಸ್ಟನ್ ‘ಓಲಿಯಾಂಡರ್ ನಗರ’ವೆಂದೇ ಹೆಸರಾಗಿದೆ.

ವಿಷ ಕೆಲಸ ಮಾಡುವ ಬಗೆ

ಕಣಗಿಲೆಯಲ್ಲಿ ಓಲಿಯಾಂಡ್ರಿನ್ ಮೊದಲಾದ ರಾಸಾಯನಿಕಗಳಿವೆ. ಹೃದಯದ ಮೇಲೆ ನೇರ ಪರಿಣಾಮ ಬೀರುವ ಗ್ಲೈಕೋಸೈಡುಗಳ ಗುಂಪಿಗೆ ಇವು ಸೇರುತ್ತವೆ. ಹೃದ್ರೋಗಿಗಳಿಗೆ ವೈದ್ಯರು ಅಳತೆ ಮಾಡಿ ಕೊಡುವ ಡಿಗಾಕ್ಸಿನ್ ಔಷಧವೂ ಇದೇ ಗುಂಪಿನದು. ಜೀವಕೋಶದ ಒಳಹೊರಗೆ ಸೋಡಿಯಂ, ಪೊಟ್ಯಾಸಿಯಂಗಳನ್ನು ಸಾಗಿಸುವ ವ್ಯವಸ್ಥೆಯನ್ನು ಈ ವಸ್ತುಗಳು ತಡೆಯುತ್ತವೆ. ಇದರಿಂದ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತದ ಲಯ ತಪ್ಪುತ್ತದೆ.

ಕಣಗಿಲೆ ಹೊಟ್ಟೆಗೆ ಹೋದರೆ ಮೊದಲು ಕಾಣುವುದು ವಾಕರಿಕೆ, ವಾಂತಿ, ಹೊಟ್ಟೆನೋವು, ಭೇದಿ. ಬಳಿಕ ತಲೆಸುತ್ತು, ಮಂಪರು, ಕಣ್ಣು ಮಂಜಾಗುವುದು, ನಾಡಿ ನಿಧಾನವಾಗುವುದು ಅಥವಾ ಏರುಪೇರಾಗುವುದು ಮುಂತಾದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಎಲೆ, ಕಾಂಡ ಮುರಿದಾಗ ಒಸರುವ ರಸ ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆ, ಉರಿ ಬರಬಹುದು. ಕಣ್ಣಿಗೆ ಬಿದ್ದರೆ ಉರಿ ಇನ್ನೂ ಹೆಚ್ಚು. ಆದರೆ ಗಿಡದ ಬಳಿ ನಿಂತರೆ, ಹೂವನ್ನು ಮುಟ್ಟಿದರೆ ಅಪಾಯವೆಂಬ ಭಯ ಬೇಡ. ಅಪಾಯ ಇರುವುದು ಬಾಯಿಗೆ ಹೋದಾಗ. ಎಲೆ ಬಲು ಕಹಿಯಾದ್ದರಿಂದ ಸಾಮಾನ್ಯವಾಗಿ ಯಾರೂ ಹೆಚ್ಚು ಅಗಿಯುವುದಿಲ್ಲ. ಆದರೆ ರುಚಿ ನೋಡಿ ಕಲಿಯುವ ವಯಸ್ಸಿನ ಮಕ್ಕಳ ವಿಷಯದಲ್ಲಿ ಈ ಭರವಸೆ ಸಾಲದು.

ಕೇರಳದ ತೀರ್ಮಾನ

2024ರ ಏಪ್ರಿಲ್ ಕೊನೆಯಲ್ಲಿ ಕೇರಳದ ಆಲಪ್ಪುಳ ಜಿಲ್ಲೆಯ ಯುವ ದಾದಿಯೊಬ್ಬರು ವಿದೇಶದ ಉದ್ಯೋಗಕ್ಕೆ ಹೊರಟ ದಿನ ಅಸ್ವಸ್ಥರಾಗಿ, ಬಳಿಕ ಮೃತಪಟ್ಟರು. ಫೋನಿನಲ್ಲಿ ಮಾತನಾಡುತ್ತ ಮನೆಯ ಬಳಿಯ ಕಣಗಿಲೆಯ ಎಲೆ, ಹೂವನ್ನು ಅರಿವಿಲ್ಲದೆ ಅಗಿದಿದ್ದೇ ಕಾರಣವಿರಬಹುದೆಂಬ ಶಂಕೆ ವ್ಯಕ್ತವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿ ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ತಮ್ಮ ದೇವಾಲಯಗಳ ನೈವೇದ್ಯ, ಪ್ರಸಾದಗಳಲ್ಲಿ ಕಣಗಿಲೆ ಹೂವನ್ನು ಬಳಸಬಾರದೆಂದು ನಿರ್ಧರಿಸಿದವು. ಅದರ ಬದಲು ತುಳಸಿ, ಕೇಪಳ ಮುಂತಾದವನ್ನು ಬಳಸುವಂತೆ ಸೂಚಿಸಲಾಯಿತು.

ಈ ತೀರ್ಮಾನ ಗಿಡವನ್ನು ಕಿತ್ತೆಸೆಯಬೇಕೆಂದು ಹೇಳಲಿಲ್ಲ. ಭಕ್ತರ ಬಾಯಿಗೆ ಹೋಗುವ ಪದಾರ್ಥದಿಂದ ಅದನ್ನು ದೂರವಿಟ್ಟಿತು. ಮನೆಯಂಗಳಕ್ಕೂ ಈ ವಿವೇಕವೇ ಸಾಕು.

ಜಾಗದ ಆಯ್ಕೆಯೇ ಮೊದಲ ಹೆಜ್ಜೆ

ಗಿಡ ಕೊಳ್ಳುವ ಮೊದಲೇ ಮನೆಯ ಪರಿಸ್ಥಿತಿಯನ್ನು ಗಮನಿಸಬೇಕು. ಐದು ವರ್ಷದೊಳಗಿನ ಮಕ್ಕಳು ಆಡುವ ಅಂಗಳ, ಹಸು, ಮೇಕೆ, ಮೊಲ ಸಾಕಿದ ಮನೆ, ಎಲೆ ಕಚ್ಚುವ ನಾಯಿಮರಿ ಇರುವ ಜಾಗ ಕಣಗಿಲೆಗೆ ಸಲ್ಲದು. ಮಕ್ಕಳು ದೊಡ್ಡವರಾಗುವವರೆಗೆ ಬೇರೆ ಗಿಡವನ್ನು ಬೆಳೆಸಿ, ಬಳಿಕ ಕಣಗಿಲೆಯನ್ನು ತರಬಹುದು.

ಇಂತಹ ತೊಡಕಿಲ್ಲದ ಮನೆಯಲ್ಲಿಯೂ ಕೆಲವು ಜಾಗಗಳನ್ನು ಬಿಡಬೇಕು. ನೆಲದಡಿಯ ನೀರಿನ ಸಂಪು, ಬಾವಿ, ಹಕ್ಕಿಗಳಿಗೆ ನೀರಿಡುವ ತೊಟ್ಟಿ, ಮೀನಿನ ಕೊಳಗಳ ಬಳಿ ನೆಟ್ಟರೆ ಉದುರಿದ ಎಲೆ, ಹೂವು ನೀರಿಗೆ ಬೀಳುತ್ತವೆ. ಕರಿಬೇವು, ಕೊತ್ತಂಬರಿ, ಸೊಪ್ಪಿನ ಮಡಿಗಳ ಪಕ್ಕದಲ್ಲೂ ಬೇಡ. ಸೊಪ್ಪು ಕೊಯ್ಯುವಾಗ ಎಲೆ ಬೆರೆತುಹೋಗುವ ಸಾಧ್ಯತೆಯುಂಟು. ಕಾಂಪೌಂಡಿನ ಆಚೆ ಬೀದಿದನಗಳು ಓಡಾಡುವ ಕಡೆ ಕೊಂಬೆ ಹೊರಗೆ ಬಾಗದಂತೆ ನೋಡಿಕೊಳ್ಳಬೇಕು.

ಕಣಗಿಲೆಗೆ ದಿನಕ್ಕೆ ಕನಿಷ್ಠ 6 ಗಂಟೆಯ ನೇರ ಬಿಸಿಲು ಬೇಕು. ನೆರಳಿನಲ್ಲಿ ಕೊಂಬೆಗಳು ಉದ್ದುದ್ದ ಬೆಳೆದು ಬಾಗುತ್ತವೆ, ಹೂವು ಕಡಿಮೆಯಾಗುತ್ತದೆ, ಹೇನಿನ ಕಾಟ ಹೆಚ್ಚುತ್ತದೆ. ದಕ್ಷಿಣ ಅಥವಾ ಪಶ್ಚಿಮಕ್ಕೆ ತೆರೆದಿರುವ, ಬೇರೆ ಗಿಡಗಳು ಬಿಸಿಲಿಗೆ ಬಾಡುವ ಗೋಡೆಬದಿ ಇದಕ್ಕೆ ಹೇಳಿಮಾಡಿಸಿದ ತಾಣ. ರಸ್ತೆಯ ದೂಳನ್ನು ತಡೆಯಲು, ನೆರೆಮನೆಯ ಕಿಟಕಿಗೆ ಮರೆಯಾಗಿಸಲು ಬೇಲಿಯಂತೆಯೂ ಬೆಳೆಸಬಹುದು.

ಕಡ್ಡಿಯಿಂದ ಗಿಡ

ಬೀಜದಿಂದ ಬೆಳೆಸಿದರೆ ತಾಯಿಗಿಡದ ಬಣ್ಣವೇ ಬರುವ ಖಾತರಿಯಿಲ್ಲ. ಆದ್ದರಿಂದ ಕಡ್ಡಿ ನೆಟ್ಟು ಸಸಿ ಮಾಡುವುದೇ ರೂಢಿ. ತೀರ ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ, ಪೆನ್ಸಿಲ್ ಗಾತ್ರದ ಕೊಂಬೆಯಿಂದ 15ರಿಂದ 20 ಸೆಂಟಿಮೀಟರ್ ಉದ್ದದ ಕಡ್ಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಬೇಕು. ತುದಿಯ ನಾಲ್ಕಾರು ಎಲೆಗಳನ್ನು ಉಳಿಸಿ, ಉಳಿದುವನ್ನು ತೆಗೆಯಬೇಕು. ಮರಳು ಮತ್ತು ಗೊಬ್ಬರ ಸಮಪಾಲು ಬೆರೆಸಿದ ಚೀಲದಲ್ಲಿ ಅರ್ಧದಷ್ಟು ಹೂಳಿ, ನೆರಳಿನಲ್ಲಿಟ್ಟು, ತೇವ ಆರದಂತೆ ನೋಡಿಕೊಂಡರೆ ಮೂರು ನಾಲ್ಕು ವಾರಗಳಲ್ಲಿ ಬೇರು ಬಿಡುತ್ತದೆ. ನಮ್ಮ ಹವೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿ ಇದಕ್ಕೆ ಪ್ರಶಸ್ತ.

ನೀರು ತುಂಬಿದ ಬಾಟಲಿಯಲ್ಲಿ ಇಟ್ಟರೂ ಕಣಗಿಲೆಯ ಕಡ್ಡಿ ಬೇರು ಬಿಡುತ್ತದೆ. ಆದರೆ ಆ ನೀರಿಗೂ ವಿಷ ಇಳಿಯುತ್ತದೆ. ಅಡುಗೆಮನೆಯ ಕಿಟಕಿಯಲ್ಲಿ, ಮಕ್ಕಳ ಕೈಗೆಟಕುವಲ್ಲಿ, ಕುಡಿಯುವ ನೀರಿನ ಬಾಟಲಿಯಲ್ಲಿ ಹೀಗೆ ಇಡುವುದು ಸಲ್ಲದು. ಹೂದಾನಿಯಲ್ಲಿ ಕಣಗಿಲೆಯನ್ನು ಇಡುವಾಗಲೂ ಈ ಎಚ್ಚರ ಬೇಕು.

ನರ್ಸರಿಯಿಂದ ಕೊಳ್ಳುವುದಾದರೆ ಹೂವು ಬಿಟ್ಟಿರುವ ಗಿಡವನ್ನೇ ಆರಿಸಿಕೊಂಡರೆ ಬಣ್ಣದ ಬಗೆಗೆ ಸಂದೇಹ ಉಳಿಯದು. ಬುಡದಿಂದ ಮೂರು ನಾಲ್ಕು ಕಾಂಡ ಹೊರಟ, ಎಲೆಯ ಅಡಿಯಲ್ಲಿ ಹೇನು, ಹಿಟ್ಟು ತಿಗಣೆ ಇಲ್ಲದ ಸಸಿ ಒಳ್ಳೆಯದು. ಸಣ್ಣ ಅಂಗಳಕ್ಕೆ ಗಿಡ್ಡ ತಳಿಗಳು ಲೇಸು. ಹಳದಿ ಅಂಚಿನ ಎಲೆಗಳ ಬಗೆಯೂ ಸಿಗುತ್ತದೆ. ಅದು ಹೂವಿಲ್ಲದ ದಿನಗಳಲ್ಲೂ ಅಂದವಾಗಿ ಕಾಣುತ್ತದೆ.

ನೆಡುವ ಕ್ರಮ, ನೀರು, ಗೊಬ್ಬರ

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಅಂಟುಮಣ್ಣಾದರೆ ಸ್ವಲ್ಪ ಮರಳು ಸೇರಿಸಬೇಕು. ಒಂಟಿ ಗಿಡಗಳ ನಡುವೆ 2 ಮೀಟರ್, ಬೇಲಿಗಾದರೆ ಸುಮಾರು 1 ಮೀಟರ್ ಅಂತರವಿರಲಿ. ಗೋಡೆಯಿಂದಲೂ 1 ಮೀಟರ್ ದೂರವಿದ್ದರೆ ಗಿಡ ಸುತ್ತಲೂ ಸಮನಾಗಿ ಹರಡುತ್ತದೆ.

ಮೊದಲ ವರ್ಷ ಮಳೆಯಿಲ್ಲದಾಗ ವಾರಕ್ಕೆ ಎರಡು ಬಾರಿ ಬುಡ ನೆನೆಯುವಂತೆ ನೀರು ಬೇಕು. ಬೇರು ಆಳಕ್ಕಿಳಿದ ಮೇಲೆ ಬೇಸಿಗೆಯಲ್ಲೂ ವಾರಕ್ಕೊಮ್ಮೆ ಸಾಕು. ನೀರಿಲ್ಲದೆಯೂ ಗಿಡ ಬದುಕುತ್ತದೆ, ಆದರೆ ಹೂವು ಇಳಿಮುಖವಾಗುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಪೂರ್ತಿ ಹನಿಸುವುದರಿಂದ ಬೇರು ಆಳಕ್ಕೆ ಹೋಗುತ್ತದೆ.

ಗೊಬ್ಬರದ ವಿಷಯದಲ್ಲಿ ಕಣಗಿಲೆ ಅಲ್ಪತೃಪ್ತ. ಮಳೆಗಾಲದ ಆರಂಭದಲ್ಲಿ ಒಮ್ಮೆ, ಕೊಂಬೆ ಸವರಿದ ಬಳಿಕ ಒಮ್ಮೆ, ಗಿಡಕ್ಕೆ ಮೂರು ನಾಲ್ಕು ಕಿಲೋ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಹಾಕಿದರೆ ಸಾಕು. ಯೂರಿಯಾದಂತಹ ಸಾರಜನಕದ ಗೊಬ್ಬರ ಹೆಚ್ಚಾದರೆ ಎಲೆ ಸೊಕ್ಕಿ ಬೆಳೆದು, ಹೂವು ಹಿಂದೆ ಬೀಳುತ್ತದೆ. ಮೆತ್ತನೆಯ ಚಿಗುರಿಗೆ ಹೇನು ಮುತ್ತುತ್ತದೆ.

ಸವರುವುದು ಯಾವಾಗ, ಹೇಗೆ

ಕಣಗಿಲೆಯ ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಹಾಗಾಗಿ ಸವರದೆ ಬಿಟ್ಟ ಗಿಡ ಎತ್ತರಕ್ಕೆ ಏರುತ್ತ, ತಲೆಯಲ್ಲಿ ಮಾತ್ರ ಹೂವು ಹೊತ್ತು, ಬುಡದಲ್ಲಿ ಬೋಳಾಗುತ್ತದೆ. ಹೂವು ಕಡಿಮೆಯಿರುವ ಡಿಸೆಂಬರ್, ಜನವರಿ ತಿಂಗಳಲ್ಲಿ ಪ್ರತಿ ಕೊಂಬೆಯ ಮೂರನೆಯ ಒಂದು ಭಾಗವನ್ನು ಗೆಣ್ಣಿನ ಮೇಲೆ ಕತ್ತರಿಸಿದರೆ, ಅಲ್ಲಿಂದ ಎರಡು ಮೂರು ಚಿಗುರು ಹೊರಟು ಬೇಸಿಗೆಗೆ ಗಿಡ ತುಂಬ ಹೂವಾಗುತ್ತದೆ. ಬಲು ಮುದಿಯಾದ ಗಿಡದಲ್ಲಿ ವರ್ಷಕ್ಕೆ ಒಂದೆರಡು ಹಳೆಯ ಕಾಂಡಗಳನ್ನು ಬುಡದಲ್ಲೇ ತೆಗೆಯುತ್ತ ಬಂದರೆ ಮೂರು ವರ್ಷಗಳಲ್ಲಿ ಇಡೀ ಪೊದೆ ಹೊಸತಾಗುತ್ತದೆ.

ಸವರುವಾಗ ಕೈಗವಸು, ತುಂಬುತೋಳಿನ ಅಂಗಿ ಧರಿಸಬೇಕು. ರಸ ತಾಗಿದ ಕೈಯಿಂದ ಕಣ್ಣು, ಬಾಯಿ ಮುಟ್ಟಬಾರದು. ಕೆಲಸ ಮುಗಿದ ಮೇಲೆ ಕೈ ಮತ್ತು ಕತ್ತರಿಯನ್ನು ಸಾಬೂನಿನಿಂದ ತೊಳೆಯಬೇಕು. ಕೂಲಿಯಾಳಿನಿಂದ ಮಾಡಿಸುವುದಾದರೆ ಅವರಿಗೂ ವಿಷಯ ತಿಳಿಸಿ ಕೈಗವಸು ಕೊಡುವುದು ಮನೆಯವರ ಹೊಣೆ.

ಕತ್ತರಿಸಿದ ಕೊಂಬೆ ಎಲ್ಲಿಗೆ?

ಮನೆಯ ಕಣಗಿಲೆಯಿಂದ ಹೆಚ್ಚಿನ ಅಪಾಯ ಎದುರಾಗುವುದು ಈ ಹಂತದಲ್ಲಿ. ನಿಂತ ಗಿಡದ ಹಸಿ ಎಲೆಯ ಕಹಿಯನ್ನು ಗುರುತಿಸಿ ದೂರ ಸರಿಯುವ ದನ, ಕತ್ತರಿಸಿ ಬಾಡಿದ ಎಲೆಯನ್ನು ಬೇರೆ ಮೇವಿನೊಂದಿಗೆ ತಿಂದುಬಿಡಬಹುದು. ದೊಡ್ಡ ಪಶುವಿಗೂ ಸ್ವಲ್ಪವೇ ಎಲೆ ಮಾರಕವಾಗುತ್ತದೆ. ಸವರಿದ ಕೊಂಬೆಗಳನ್ನು ಪಕ್ಕದ ಖಾಲಿ ನಿವೇಶನಕ್ಕೆ ಎಸೆಯುವ, ರಸ್ತೆಬದಿಯಲ್ಲಿ ರಾಶಿ ಹಾಕುವ ಅಭ್ಯಾಸ ನಗರಗಳಲ್ಲಿ ಸಾಮಾನ್ಯ. ಅದೇ ನಿವೇಶನದಲ್ಲಿ ಹಸುಗಳೂ ಮೇಯುತ್ತವೆ. ಆ ಹಸುವಿನ ಹಾಲನ್ನೇ ನಂಬಿದ ಬಡ ಕುಟುಂಬವೊಂದರ ಜೀವನ ಈ ಎಸೆತದ ಮೇಲೆ ನಿಂತಿರುತ್ತದೆ.

ಕತ್ತರಿಸಿದ ಕೊಂಬೆಗಳನ್ನು ಚೀಲದಲ್ಲಿ ಕಟ್ಟಿ ಸ್ಥಳೀಯ ಸಂಸ್ಥೆಯ ತ್ಯಾಜ್ಯ ಸಂಗ್ರಹಕಾರರಿಗೆ ಏನೆಂದು ಹೇಳಿ ಒಪ್ಪಿಸಬೇಕು, ಇಲ್ಲವೇ ಅಂಗಳದ ಒಂದು ಮೂಲೆಯಲ್ಲಿ ಆಳವಾಗಿ ಹೂಳಬೇಕು. ಅಡುಗೆಸೊಪ್ಪಿನ ಮಡಿಗೆ ಹೋಗುವ ಗೊಬ್ಬರದ ಗುಂಡಿಗೆ ಹಾಕದಿರುವುದು ಲೇಸು. ಸುಡುವುದಂತೂ ಕೂಡದು, ಆ ಹೊಗೆ ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಕೆಣಕುತ್ತದೆ. ಕಡ್ಡಿಗಳನ್ನು ಹಲ್ಲುಜ್ಜಲು, ಆಹಾರ ಚುಚ್ಚಿ ಸುಡಲು, ಒಲೆಗೆ ಸೌದೆಯಾಗಿ ಬಳಸಲೇಬಾರದು.

ಕುಂಡದಲ್ಲಿ ಕಣಗಿಲೆ

ತಾರಸಿಯ ಬಿಸಿಲಿಗೆ ಬೇರೆ ಗಿಡಗಳು ತಾಳದ ಕಡೆ ಗಿಡ್ಡ ತಳಿಯ ಕಣಗಿಲೆಯನ್ನು ಕುಂಡದಲ್ಲಿ ಬೆಳೆಸಬಹುದು. 14ರಿಂದ 16 ಅಂಗುಲ ಬಾಯಿಯ, ತಳದಲ್ಲಿ ದೊಡ್ಡ ತೂತುಗಳಿರುವ ಕುಂಡ ಬೇಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿದ ಮಣ್ಣು ಸೂಕ್ತ. ನೆಲದಲ್ಲಿ ನೆರೆಯನ್ನು ಸಹಿಸುವ ಗಿಡವೂ ಕುಂಡದಲ್ಲಿ ನೀರು ನಿಂತರೆ ಬೇರು ಕೊಳೆತು ಸಾಯಬಹುದು. ಮೇಲ್ಮಣ್ಣು ಒಂದಂಗುಲ ಒಣಗಿದ ಮೇಲೆ ನೀರು ಹಾಕಬೇಕು. ಎರಡು ವರ್ಷಕ್ಕೊಮ್ಮೆ ಮಣ್ಣು ಬದಲಿಸಿ, ಸುತ್ತಿಕೊಂಡ ಬೇರುಗಳನ್ನು ಸ್ವಲ್ಪ ಕತ್ತರಿಸಿ ಮತ್ತೆ ನೆಟ್ಟರೆ ಹೂವು ಕುಂದದು.

ಕೀಟ ಮತ್ತು ರೋಗ

ಎಳೆ ಚಿಗುರು, ಮೊಗ್ಗುಗಳ ಮೇಲೆ ಗುಂಪಾಗಿ ಕೂರುವ ಹಳದಿ ಬಣ್ಣದ, ಕಪ್ಪು ಕಾಲಿನ ಸಸ್ಯಹೇನು ಕಣಗಿಲೆಯ ಖಾಯಂ ಅತಿಥಿ. ಗಿಡದ ವಿಷವನ್ನೇ ಮೈಯಲ್ಲಿ ತುಂಬಿಕೊಳ್ಳುವ ಈ ಹೇನು ತನ್ನ ಢಾಳಾದ ಬಣ್ಣದಿಂದ ಶತ್ರುಗಳಿಗೆ ಎಚ್ಚರಿಕೆ ಕೊಡುತ್ತದೆ. ಇದರಿಂದ ಗಿಡ ಸಾಯುವುದಿಲ್ಲ. ರಭಸದ ನೀರಿನಿಂದ ತೊಳೆದರೆ ಬಹುಪಾಲು ಹೋಗುತ್ತದೆ. ಹೆಚ್ಚಾದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಕೆಲವು ಹನಿ ಸಾಬೂನು ದ್ರಾವಣ ಬೆರೆಸಿ ಸಂಜೆಯ ವೇಳೆ ಸಿಂಪಡಿಸಬಹುದು. ಹಿಟ್ಟು ತಿಗಣೆಗೂ ಇದೇ ಉಪಾಯ.

ಎಲೆ ತಿನ್ನುವ ಎರಡು ಬಗೆಯ ಹುಳುಗಳು ಕಾಣಸಿಗುತ್ತವೆ. ಮೈಮೇಲೆ ಕಪ್ಪು ಎಳೆಗಳಂತಹ ಚಾಚುಗಳಿರುವುದು ಕಾಮನ್ ಕ್ರೋ ಎಂಬ ಕಡುಕಂದು ಚಿಟ್ಟೆಯ ಮರಿ. ಅದರ ಕೋಶ ಬೆಳ್ಳಿ, ಚಿನ್ನದ ಗುಂಡಿಯಂತೆ ಎಲೆಯಡಿ ತೂಗುತ್ತಿರುತ್ತದೆ. ಬೆರಳುಗಾತ್ರದ ಹಸಿರು ಮೈ, ತಲೆಯ ಹಿಂದೆ ನೀಲಿ ಕಣ್ಣಿನಂತಹ ಎರಡು ಬೊಟ್ಟುಗಳಿರುವುದು ಹಸಿರು ರೆಕ್ಕೆಯ ಕಣಗಿಲೆ ಪತಂಗದ ಮರಿ. ಇವು ತಿಂದ ಎಲೆಗಳನ್ನು ಗಿಡ ಬೇಗ ಮತ್ತೆ ಚಿಗುರಿಸುತ್ತದೆ. ಔಷಧ ಸಿಂಪಡಿಸದೆ ಬಿಟ್ಟರೆ ಮಕ್ಕಳಿಗೆ ದೂರದಿಂದ ತೋರಿಸಲು ಒಂದು ಜೀವಂತ ಪಾಠ ಸಿಗುತ್ತದೆ.

ಕೊಂಬೆ, ಎಲೆ, ಮೊಗ್ಗುಗಳಲ್ಲಿ ಗಂಟುಗಂಟಾದ ಊತ ಕಂಡರೆ ಅದು ಬ್ಯಾಕ್ಟೀರಿಯಾದಿಂದ ಬರುವ ಗಂಟುರೋಗ. ಒಣಹವೆಯ ದಿನ ಊತಕ್ಕಿಂತ ಸಾಕಷ್ಟು ಕೆಳಗೆ ಕೊಂಬೆಯನ್ನು ಕತ್ತರಿಸಿ, ಪ್ರತಿ ಕತ್ತರಿಕೆಯ ಬಳಿಕ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಬೇಕು. ಅಂತಹ ಗಿಡದಿಂದ ಕಡ್ಡಿ ತೆಗೆಯಬಾರದು.

ಯಾವ ಊರಿಗೆ ಹೇಗೆ

ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿಗಳ ಬಿಸಿಲು ಕಣಗಿಲೆಗೆ ಒಗ್ಗಿದ ಹವೆ. ಅಲ್ಲಿನ ಕಪ್ಪುಮಣ್ಣಿನಲ್ಲಿ ನೀರು ನಿಲ್ಲದಂತೆ ಬುಡವನ್ನು ಸ್ವಲ್ಪ ಎತ್ತರಿಸಿ ನೆಟ್ಟರೆ ಸಾಕು. ಬೆಂಗಳೂರು, ಮೈಸೂರು, ತುಮಕೂರುಗಳ ಕೆಂಪುಮಣ್ಣು, ಸಮಶೀತೋಷ್ಣ ಹವೆಯಲ್ಲಿ ಹೆಚ್ಚು ಕಡಿಮೆ ವರ್ಷವಿಡೀ ಹೂವು ಕಾಣಬಹುದು. ಮಂಗಳೂರು, ಕಾರವಾರಗಳ ಕಡಲಗಾಳಿಯ ಉಪ್ಪು ಇದಕ್ಕೆ ತೊಂದರೆಯಲ್ಲ; ಆದರೆ ಮಳೆಗಾಲದ ಮೋಡದ ದಿನಗಳಲ್ಲಿ ಹೂವು ಇಳಿಯುತ್ತದೆ, ಎಲೆಯಲ್ಲಿ ಚುಕ್ಕೆ ಬೀಳುತ್ತದೆ. ಮಡಿಕೇರಿ, ಆಗುಂಬೆಯಂತಹ ಅತಿಮಳೆಯ, ಬಿಸಿಲು ವಿರಳವಾದ ಕಡೆ ಕಣಗಿಲೆಯ ಬದಲು ಬೇರೆ ಗಿಡವನ್ನು ಆರಿಸುವುದು ಜಾಣತನ.

ಪೂಜೆಯ ಹೂವು, ಪತ್ರೆ

ಶಿವಪೂಜೆಗೆ, ದೇವಿಯ ಪೂಜೆಗೆ ಕಣಗಿಲೆ ಬಲು ಹಿಂದಿನಿಂದ ಬಳಕೆಯಲ್ಲಿದೆ. ತಮಿಳುನಾಡಿನ ಸೇಲಂ ಭಾಗದಲ್ಲಿ ಹಾರದ ಹೂವಿಗಾಗಿಯೇ ರೈತರು ಇದನ್ನು ಬೆಳೆಯುತ್ತಾರೆ. ಗಣೇಶ ಚತುರ್ಥಿಯ 21 ಪತ್ರೆಗಳಲ್ಲಿ ಕರವೀರ ಪತ್ರೆಯೂ ಒಂದು. ದೇವರ ಮುಡಿಗೆ, ಹಾರಕ್ಕೆ, ಅರ್ಚನೆಗೆ ಬಳಸಲು ಅಡ್ಡಿಯಿಲ್ಲ. ಆದರೆ ಪಂಚಾಮೃತ, ತೀರ್ಥ, ನೈವೇದ್ಯದ ತಟ್ಟೆಗಳ ಮೇಲೆ ಎಸಳಾಗಲಿ ಎಲೆಯಾಗಲಿ ಬೀಳದಂತೆ ನೋಡಿಕೊಳ್ಳಬೇಕು. ಪೂಜೆ ಮುಗಿದ ಮೇಲೆ ನಿರ್ಮಾಲ್ಯವನ್ನು ಹಸುವಿಗೆ ತಿನ್ನಿಸುವ ಪದ್ಧತಿ ಹಲವು ಮನೆಗಳಲ್ಲಿದೆ. ಪುಣ್ಯಕ್ಕೆಂದು ಮಾಡಿದ ಕೆಲಸ ಹಸುವಿನ ಜೀವಕ್ಕೆ ಎರವಾಗದಿರಲು, ಕಣಗಿಲೆ ಬೆರೆತ ನಿರ್ಮಾಲ್ಯವನ್ನು ಹಸುವಿಗೆ ಕೊಡದೆ ಬೇರೆ ಗಿಡದ ಬುಡದಲ್ಲಿ ಹೂಳಬೇಕು.

ಮನೆಮದ್ದು ಬೇಡ

ಚರ್ಮರೋಗ, ಸಕ್ಕರೆ ಕಾಯಿಲೆ, ಗಡ್ಡೆಗಳಿಗೆ ಕಣಗಿಲೆಯ ಎಲೆ, ಬೇರಿನ ಕಷಾಯ ಮದ್ದೆಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಎಲೆಯಿಂದ ಎಲೆಗೆ, ಗಿಡದಿಂದ ಗಿಡಕ್ಕೆ ವಿಷದ ಪ್ರಮಾಣ ಬೇರೆಯಾಗುವುದರಿಂದ ಮನೆಯಲ್ಲಿ ಅದನ್ನು ಅಳೆಯುವ ದಾರಿಯಿಲ್ಲ. ಕುದಿಸಿದರೂ ವಿಷ ಹೋಗುವುದಿಲ್ಲ. 2020ರಲ್ಲಿ ಕೋವಿಡ್ ಹಾವಳಿಯ ನಡುವೆ ಅಮೆರಿಕದಲ್ಲಿ ಓಲಿಯಾಂಡ್ರಿನ್‌ಗೆ ಮದ್ದೆಂಬ ಪ್ರಚಾರ ಸಿಕ್ಕಿತ್ತು. ಅದನ್ನು ಆಹಾರಪೂರಕವಾಗಿ ಮಾರುವ ಕೋರಿಕೆಯನ್ನು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಅದೇ ವರ್ಷ ತಳ್ಳಿಹಾಕಿತು.

ಬಾಯಿಗೆ ಹೋದರೆ ಏನು ಮಾಡಬೇಕು

ಮಗು ಎಲೆ ಅಥವಾ ಹೂವನ್ನು ಅಗಿದದ್ದು ಕಂಡರೆ ಬಾಯಲ್ಲಿರುವುದನ್ನು ಬೆರಳಿನಿಂದ ತೆಗೆದು, ಬಾಯಿ ಮುಕ್ಕಳಿಸಬೇಕು. ಬಲವಂತವಾಗಿ ವಾಂತಿ ಮಾಡಿಸಬಾರದು. ಹಾಲು, ಮಜ್ಜಿಗೆ, ಎಣ್ಣೆ ಕುಡಿಸುತ್ತ ಹೊತ್ತು ಕಳೆಯಬಾರದು. ಲಕ್ಷಣ ಕಾಣುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಗಿಡದ ಒಂದು ಕೊಂಬೆಯನ್ನು ಚೀಲದಲ್ಲಿ ಹಾಕಿ ಜೊತೆಗೆ ಒಯ್ದರೆ ವೈದ್ಯರಿಗೆ ವಿಷವನ್ನು ಗುರುತಿಸಲು ನೆರವಾಗುತ್ತದೆ. ಆಸ್ಪತ್ರೆಯಲ್ಲಿ ಇಸಿಜಿ ಮೂಲಕ ಹೃದಯದ ಲಯವನ್ನು, ರಕ್ತಪರೀಕ್ಷೆಯಿಂದ ಪೊಟ್ಯಾಸಿಯಂ ಮಟ್ಟವನ್ನು ಗಮನಿಸುತ್ತ ಚಿಕಿತ್ಸೆ ನೀಡುತ್ತಾರೆ. ಹೃದಯದ ಔಷಧ ಸೇವಿಸುತ್ತಿರುವ ಹಿರಿಯರಾದರೆ ಅದನ್ನೂ ತಿಳಿಸಬೇಕು. ದನ, ನಾಯಿ ತಿಂದಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು.

ಬದಲಿ ಗಿಡಗಳು

ಪುಟ್ಟ ಮಕ್ಕಳಿರುವ ಮನೆಗೆ ಬಿಸಿಲು ತಾಳುವ ಬೇರೆ ಹೂಗಿಡಗಳಿಗೆ ಕೊರತೆಯಿಲ್ಲ. ದಾಸವಾಳ ವರ್ಷವಿಡೀ ಹೂಬಿಡುತ್ತದೆ, ಅದರ ಹೂವು ತಿನ್ನಲೂ ಬರುತ್ತದೆ. ಕೇಪಳ ಬೇಲಿಗೆ ಒಪ್ಪುತ್ತದೆ, ಪೂಜೆಗೂ ಸಲ್ಲುತ್ತದೆ. ಮಲ್ಲಿಗೆಯ ಪರಿಮಳಕ್ಕೆ ಸಾಟಿಯಿಲ್ಲ. ಇವೆಲ್ಲ ಕಣಗಿಲೆಗಿಂತ ಹೆಚ್ಚು ನೀರು, ಹೆಚ್ಚು ಆರೈಕೆ ಬೇಡುತ್ತವೆ. ಕಣಗಿಲೆ ಬೇಡುವುದು ತಕ್ಕ ಜಾಗ ಮತ್ತು ಕೊಂಬೆ ಕತ್ತರಿಸಿದ ದಿನದ ಜವಾಬ್ದಾರಿ ಮಾತ್ರ. ಅಷ್ಟನ್ನು ಕೊಡಬಲ್ಲ ಮನೆಯಲ್ಲಿ ಅದು ದಶಕಗಳ ಕಾಲ ನಿಂತು ಹೂವು ಕೊಡುತ್ತದೆ.